ಅರ್ಧ ಬೆರಳಿನ ಗುರುತು

ಊರಿಗೆಲ್ಲ ಈಗ ಒಂದೇ ಊಟ, ಸಪ್ಪೆ ಬಿಳಿ ಹಿಟ್ಟು. ಕನ್ನಡಕ ಹಾಕಿಕೊಂಡರೆ ಅದೇ ತಟ್ಟೆಯಲ್ಲಿ ಬಿಸಿಬೇಳೆಭಾತು, ಮೀನುಸಾರು, ಕೇಳಿದ್ದೆಲ್ಲ ಕಾಣುತ್ತದೆ. ಆ ತಿನಿಸುಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವುದು ಜಲಜಾಕ್ಷಿಯ ಕೆಲಸ. ತೀರಾ ಅಚ್ಚುಕಟ್ಟಾಗಿದ್ದರೆ ನಾಲಿಗೆ ನಂಬುವುದಿಲ್ಲ. ಹಾಗಾಗಿ ಪ್ರತಿಯೊಂದರಲ್ಲೂ ಒಂದು ಕುಂದು ಇಡುವುದು ಅಲ್ಲಿನ ರೂಢಿ.

ಅಕ್ಕಿರೊಟ್ಟಿಯ ಅಂಚಿನಲ್ಲಿ ಅವಳು ತಟ್ಟಿದವರ ಬೆರಳಿನ ಕುಳಿಗಳನ್ನು ಮೂಡಿಸಿದ್ದಳು. ನಡುಬೆರಳಿನದು ಮಾತ್ರ ಮೋಟು.

“ಇದೇನಕ್ಕಾ, ಉಳಿದರ್ಧ ಬೆರಳನ್ನ ಇಲಿ ತಿಂತಾ?” ಪರೀಕ್ಷಕ ಇಮ್ತಿಯಾಜ್ ಪರದೆಯಲ್ಲಿ ನಕ್ಕ.

“ಕಾರ್ಖಾನೆ ಮಿಷನ್ ತಿಂತು. ನಮ್ಮ ಯಜಮಾನ್ರು ರೊಟ್ಟಿ ತಟ್ತಿದ್ದುದೇ ಹಾಗೆ.”

ಅವನ ನಗು ನಿಂತಿತು. ಅವಳ ಗಂಡ ಪುಟ್ಟಸ್ವಾಮಿ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು.

“ಎಲ್ಲರ ತಟ್ಟೇಲೂ ಒಂದೇ ಕುಂದಿದ್ರೆ ಜನ ಕಂಡುಹಿಡೀತಾರೆ ಅಕ್ಕಾ. ನಾಳೆಯಿಂದ ಕಂಪ್ಯೂಟರೇ ಬೇರೆ ಬೇರೆ ಬೆರಳು ಹಾಕುತ್ತೆ, ಇದನ್ನ ಅಳಿಸಲೇಬೇಕು. ಇವತ್ತಿನ ಊಟಕ್ಕೆ ಮಾತ್ರ ಬಿಡ್ತೀನಿ, ನಿಮ್ಮೊಬ್ಬರ ತಟ್ಟೆಗೆ.”

ಮಧ್ಯಾಹ್ನ ಜಲಜಾಕ್ಷಿ ಕನ್ನಡಕ ಹಾಕಿಕೊಂಡು ಒಬ್ಬಳೇ ಕುಳಿತಳು. ರೊಟ್ಟಿ ಹಬೆಯಾಡುತ್ತಿತ್ತು. ಗುರುತಿಲ್ಲದ ಕಡೆಯಿಂದ ಸಣ್ಣಸಣ್ಣ ತುಂಡು ಮುರಿದು ತಿನ್ನುತ್ತ ಬಂದಳು. ಕುಳಿಗಳ ಹತ್ತಿರ ಬಂದಾಗ ಕೈ ನಿಂತಿತು. ಒಂದೊಂದರ ಮೇಲೂ ತನ್ನ ಬೆರಳಿಟ್ಟು ನೋಡಿದಳು. ತಗುಲಿದ್ದು ತಣ್ಣನೆಯ, ನುಣ್ಣನೆಯ ಹಿಟ್ಟು.

ಹಸಿವು ಇನ್ನೂ ಇತ್ತು. ಆದರೂ ಉಳಿದ ತುಂಡನ್ನು ಮುಟ್ಟದೆ, ಕನ್ನಡಕವನ್ನೂ ತೆಗೆಯದೆ, ಸಂಜೆಯವರೆಗೂ ತಟ್ಟೆಯ ಮುಂದೆ ಕುಳಿತೇ ಇದ್ದಳು.