ಮೂವತ್ತಮೂರನೆಯ ತಲೆ

"ಹೆತ್ತರೆ ಆಗಲಿಲ್ಲಪ್ಪ, ಸಾಕೋಕೂ ಬರಬೇಕು. ಮನೇಲಿ ತಿಂದ ಏಟನ್ನೇ ಮಕ್ಕಳು ಶಾಲೇಲಿ ಹಂಚೋದು."

ಹೆಡ್‌ಮಿಸ್ ಇದನ್ನು ಕೋಣೆಗೆ ಕರೆದು ಹೇಳಲಿಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ, ಗೇಟಿನ ಮುಂದೆ, ಮಕ್ಕಳನ್ನು ಕರೆದೊಯ್ಯಲು ಬಂದ ನಲವತ್ತು ಜನರೆದುರು ಹೇಳಿದರು. ಇದ್ದವರ ಮರ್ಯಾದೆಗೆ ಬಾಗಿಲು, ಕಿಟಕಿ, ಪರದೆ ಎಲ್ಲ ಇರುತ್ತದೆ. ಇಲ್ಲದವರದು ಬೀದಿಯಲ್ಲೇ ಬಿದ್ದಿರುತ್ತದೆ, ತುಳಿದವನೇ ಜಾಣ. ಗೋಡೆಗೆ ಬಣ್ಣ ಬಳಿದು ಬದುಕುವ ಅಪ್ಪ, ಮುಂಗೈಗೆ ಅಂಟಿದ ಸುಣ್ಣ ಕೆರೆಯುತ್ತ ನಿಂತಿದ್ದ.

ಮಗಳಿಗೆ ಏಳು ವರ್ಷ. ಕೊನೆಯ ಗಂಟೆ ಹೊಡೆದರೆ ಸಾಕು, ಎಲ್ಲರಿಗಿಂತ ಮೊದಲು ಓಡಿ ತರಗತಿಯ ಬಾಗಿಲಲ್ಲಿ ಕೈ ಚಾಚಿ ನಿಲ್ಲುತ್ತಿದ್ದಳು. ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿ ಹೊರಗೆ ಬಿಡುತ್ತಿದ್ದಳು. ಎಣಿಸಿಕೊಂಡವರು ಮತ್ತೆ ಒಳಗೆ ಹೋಗುವಂತಿಲ್ಲ. ಅವತ್ತು ಒಬ್ಬ ಹುಡುಗ ಊಟದ ಡಬ್ಬಿ ಮರೆತು ಒಳಗೆ ತಿರುಗಿದ. ಇವಳು ತಳ್ಳಿದಳು. ಮೆಟ್ಟಿಲಿಗೆ ಬಿದ್ದು ಅವನ ಹಲ್ಲು ಮುರಿಯಿತು.

ಎಣಿಸಲಾದರೂ ಬರುತ್ತದೆಯೇ ಇವಳಿಗೆ ಎಂದು ಹೆಡ್‌ಮಿಸ್ ನೆರೆದವರ ಕಡೆ ತಿರುಗಿ ನಕ್ಕರು. ತರಗತಿಯಲ್ಲಿ ಇರುವುದು ಇವಳೂ ಸೇರಿ ಮೂವತ್ತೆರಡು. ದಿನಾ ಮೂವತ್ತಮೂರು ಎಣಿಸುತ್ತಾಳೆ. ಆಮೇಲೆ ಹುಡುಗಿಯ ಮುಂಗೈ ಎತ್ತಿ ಎಲ್ಲರಿಗೂ ತೋರಿಸಿದರು. ನೀಲಿಗಟ್ಟಿದ ಐದು ಬೆರಳಿನ ಗುರುತು. ಡಾಕ್ಟರ ಕಾಗದ ತರಬೇಕು, ಇಲ್ಲದಿದ್ದರೆ ಸೋಮವಾರ ಟಿ.ಸಿ. ಸುತ್ತ ಹತ್ತು ಮೈಲಿಗೆ ಇನ್ನೊಂದು ಶಾಲೆಯಿಲ್ಲ.

ಅಪ್ಪ ಮಗಳನ್ನು ಕರೆದುಕೊಂಡು ಹೊರಬಂದ. ಗೇಟಿನ ರೆಕ್ಕೆ ಹಿಡಿದು ಒಂದು ಗಳಿಗೆ ನಿಂತ. ತಿರುಗಿ ಏನೋ ಅನ್ನುತ್ತಾನೆ ಅಂದುಕೊಂಡರು ಎಲ್ಲರೂ. ಅವನು ಚಿಲಕ ಹಾಕಿ ನಡೆದ.

ಮಾನಸಿಕ ರೋಗದ ವಿಭಾಗ ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಮುರಿದ ಮಂಚಗಳ ರಾಶಿಯ ಪಕ್ಕದಲ್ಲಿತ್ತು. ಡಾಕ್ಟರಮ್ಮನ ಮೇಜಿನ ಮುಂದೆ ಮೂರು ಕುರ್ಚಿ. ಅಪ್ಪ ಒಂದು ತುದಿಗೆ, ಮಗಳು ಇನ್ನೊಂದು ತುದಿಗೆ. ನಡುವಿನದು ಖಾಲಿ. ಡಾಕ್ಟರಮ್ಮ ಅದನ್ನೂ ಬರೆದುಕೊಂಡರು.

ನಿದ್ದೆ ಹೇಗೆ ಎಂದು ಕೇಳಿದರು. ರಾತ್ರಿ ಐದಾರು ಸಲ ಎದ್ದು ಕೂರುತ್ತಾಳೆ ಅಂದ. ಕಣ್ಣೆದುರು ಕೆಟ್ಟದ್ದೇನಾದರೂ ನಡೆದಿದೆಯೇ? ಇಲ್ಲ. ತಾಯಿ? ಹೆರಿಗೆಯಲ್ಲೇ ಹೋದಳು. ಅವನ ಕೆಲಸ? ಎರಡು ವರ್ಷದಿಂದ ಬಣ್ಣ. ಅದಕ್ಕೆ ಮುಂಚೆ ಕಲ್ಲು ಕ್ವಾರಿ. ಬಿಟ್ಟಿದ್ದೇಕೆ? ಧೂಳು ಆಗಿಬರಲಿಲ್ಲ.

"ಇಷ್ಟು ಚಿಕ್ಕವರಿಗೆ ತಮಗಾದ ಆಘಾತ ಬಾಯಲ್ಲಿ ಹೇಳೋಕೆ ಬರಲ್ಲ. ಆಟದಲ್ಲಿ ಹೇಳ್ತಾರೆ. ಒಂದೇ ಆಟ, ಮತ್ತೆ ಮತ್ತೆ," ಎಂದರು ಡಾಕ್ಟರಮ್ಮ. "ಮನೇಲಿ ಯಾರ್ಯಾರಿದ್ದೀರಿ?"

"ಮೂರು ಜನ. ನಾನು, ಇವಳು, ನನ್ನ ತಮ್ಮ."

ಪೆನ್ನು ನಿಂತಿತು. ತಮ್ಮನ ವಯಸ್ಸು ಕೇಳಿದರು. ಇಪ್ಪತ್ತೆರಡು. ಮಲಗುವುದೆಲ್ಲಿ? ಇರುವುದೇ ಒಂದು ಕೋಣೆ. ಡಾಕ್ಟರಮ್ಮ ಹುಡುಗಿಯ ಮುಂಗೈ ನೋಡಿದರು, 'ತಮ್ಮ' ಎಂಬುದಕ್ಕೆ ಸುತ್ತ ಗೆರೆ ಎಳೆದರು. ಅವರನ್ನೊಮ್ಮೆ ಕರೆದುಕೊಂಡು ಬನ್ನಿ ಎಂದರು.

"ನನ್ನ ತಮ್ಮ ಅಪ್ಪಟ ಚಿನ್ನ ಮೇಡಂ. ಅವನ ಸುದ್ದಿಗೆ ಬರಬೇಡಿ."

ಅಷ್ಟರಲ್ಲಿ ಹೊರಗಿನ ಓಣಿಯಲ್ಲಿ ಯಾರೋ ಕಬ್ಬಿಣದ ಮಂಚ ಕೆಡವಿದರು. ಠಣ್ ಎಂದಿತು. ಡಾಕ್ಟರಮ್ಮನೇ ಬೆಚ್ಚಿದರು.

ಹುಡುಗಿ ಬೆಚ್ಚಲಿಲ್ಲ. ದಿನದ ಕೆಲಸಕ್ಕೆ ಇಳಿದವಳಂತೆ ಕುರ್ಚಿಯಿಂದ ಇಳಿದಳು. ಬಾಗಿಲು ಮುಚ್ಚಿ ಬಂದಳು. ಡಾಕ್ಟರಮ್ಮನ ತಲೆ ಮುಟ್ಟಿ ಒಂದು ಅಂದಳು. ತನ್ನ ತಲೆ ಮುಟ್ಟಿ ಎರಡು. ಆಮೇಲೆ ಬಗ್ಗಿ, ಮೇಜಿನ ಕೆಳಗೆ ಕೈ ಹಾಕಿದಳು.

"ಮೂರು."

ಡಾಕ್ಟರಮ್ಮ ಬಗ್ಗಿ ನೋಡಿದರು. ಆರಡಿಯ ಗಂಡಸು ಮೇಜಿನ ಕೆಳಗೆ ಮೊಣಕಾಲಿಗೆ ಮುಖ ಒತ್ತಿ, ತಲೆಯ ಮೇಲೆ ಎರಡೂ ಕೈ ಇಟ್ಟು ಮುದುರಿದ್ದ.

ಹುಡುಗಿ ಖಾಲಿ ಕುರ್ಚಿಯ ಮುಂದೆ ನಿಂತು, ತುದಿಗಾಲಲ್ಲಿ ಗಾಳಿ ಮುಟ್ಟಿದಳು. "ನಾಲ್ಕು. ಎಲ್ಲರೂ ಮೇಲೆ ಬಂದ್ರು ಅಪ್ಪ. ಚಿಕ್ಕಪ್ಪನೂ ಬಂದ. ಡಬ್ಬಿಗೆ ವಾಪಸ್ ಹೋಗಲಿಲ್ಲ."

ಕೆಳಗಿನಿಂದ ಕೈಯೊಂದು ಬಂದು ಅವಳ ಮುಂಗೈ ಹಿಡಿಯಿತು. ಐದು ಬೆರಳೂ ನೀಲಿ ಗುರುತಿನ ಮೇಲೇ ಕೂತವು. ಹುಡುಗಿ ಹಲ್ಲು ಕಚ್ಚಿದಳು, ಕೈ ಎಳೆದುಕೊಳ್ಳಲಿಲ್ಲ.

ಎಲ್ಲಿಂದ ಮೇಲೆ ಬಂದರು ಪುಟ್ಟಿ ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಕ್ವಾರಿಯಿಂದ. ಮದ್ದು ಸಿಡಿಸೋಕೆ ಮುಂಚೆ ಅಪ್ಪ ನೇತುಹಾಕಿದ ರೈಲುಕಂಬಿ ಹೊಡೆದು ತಲೆ ಎಣಿಸ್ತಿದ್ದ. ಚಿಕ್ಕಪ್ಪನ ತಲೇನೂ ಎಣಿಸಿದ್ದ. ಅವನು ಊಟದ ಡಬ್ಬಿ ತರೋಕೆ ಅಂತ ಮತ್ತೆ ಇಳಿದುಬಿಟ್ಟ." ಹೊಸಬರಿಗೆ ಕೆಲಸ ಕಲಿಸುವ ದನಿ ಅವಳದು. "ಅಪ್ಪ ರಾತ್ರಿ ಎಷ್ಟೊಂದು ಸಲ ಎದ್ದು ಕೇಳ್ತಾನೆ. ಎಣಿಸಿ ಹೇಳಿದ್ರೇನೇ ಮಲಗೋದು. ತಪ್ಪಬಾರದಲ್ಲ, ಅದಕ್ಕೇ ಶಾಲೇಲಿ ಕಲ್ಕೋತಿದೀನಿ."

ಕ್ವಾರಿಯ ಧಣಿಯ ಪುಸ್ತಕದಲ್ಲಿ ಅವತ್ತಿನ ಎಣಿಕೆ ಇವತ್ತಿಗೂ ಸರಿಯಾಗಿಯೇ ಇದೆ: ಇಳಿದವರಷ್ಟೇ ಮೇಲೆ ಬಂದವರು.

ಅಪ್ಪ ಮೇಜಿನಡಿಯಿಂದ ಎದ್ದು, ಏನೂ ಆಗದವನಂತೆ ಮಂಡಿಯ ಧೂಳು ಕೊಡವಿಕೊಂಡ. ಡಾಕ್ಟರಮ್ಮ ಕಾಗದ ಎಳೆದುಕೊಂಡರು. 'ಏಳು ವರ್ಷ' ಎಂದಿದ್ದನ್ನು ಹೊಡೆದುಹಾಕಿದರು.

"ನಿಮ್ಮ ವಯಸ್ಸೆಷ್ಟು?"

ಅವನು ಮಗಳನ್ನು ಮುಂದೆ ಬಿಟ್ಟು ಹೊರಟ. ಹಿಂದಿನಿಂದ ಇನ್ನೊಬ್ಬ ದಾಟುವಷ್ಟು ಹೊತ್ತು ಬಾಗಿಲನ್ನು ತೆರೆದೇ ಹಿಡಿದಿದ್ದು, ಆಮೇಲೆ ಮುಚ್ಚಿಕೊಂಡು ನಡೆದುಬಿಟ್ಟ.