ಗೇರುಗುಡ್ಡೆಯ ಸುಡುಮಣ್ಣು

ಯಾರದಾದರೂ ತೋಟದಿಂದ ಸುಡುಮಣ್ಣಿನ ವಾಸನೆ ಬಂದರೆ ಈಗಲೂ ನಾನು ಎದ್ದು ಕಿಟಕಿ ಮುಚ್ಚುತ್ತೇನೆ.

ವೇಣೂರಿನ ಆಚೆಗಿನ ನಮ್ಮೂರ ಗುಡ್ಡೆ ಸೊಪ್ಪು ಸವರಿ ಸವರಿ, ವರ್ಷಾವರ್ಷ ಬೆಂಕಿ ಕೊಟ್ಟು, ಬರೀ ಮುರಕಲ್ಲಾಗಿತ್ತು. ರಾಜ್ಯ ಒಂದಾದ ಹೊಸತರಲ್ಲಿ ಊರವರೆಲ್ಲ ಸೇರಿ ಅದಕ್ಕೆ ಬೇಲಿ ಕಟ್ಟಿ ಗೇರುಸಸಿ ನೆಟ್ಟರು. ಮೇಲಿನ ಸಾಲಿಗೆ ಬೇಸಗೆಯಿಡೀ ಕೊಡದಲ್ಲಿ ನೀರು ಹೊತ್ತವಳು ನನ್ನ ಸೋದರತ್ತೆ.

"ಇದರ ಬೀಜ ತಿನ್ನುವಾಗ ನಿನಗೆ ಹಲ್ಲಿರ್ತದಾ ಅಕ್ಕಾ?" ಎಂದು ಅಪ್ಪ ಕೆಣಕುತ್ತಿದ್ದರು.

"ನನಗಿಲ್ಲದಿದ್ರೆ ಈ ಹುಡುಗಿಗೆ ಉಂಟಲ್ಲ ಮಾರಾಯ," ಎಂದು ಅವಳು ನನ್ನ ಕೆನ್ನೆ ಹಿಂಡುತ್ತಿದ್ದಳು.

ಸಸಿಗಳ ಬುಡಕ್ಕೆ ಹಾಕಲೆಂದು ಗುಡ್ಡೆಯ ಮೇಲೆಯೇ ತರಗೆಲೆಗೆ ಮಣ್ಣು ಮುಚ್ಚಿ ಸುಟ್ಟಿದ್ದರು. ಅಂಥ ರಾಶಿ ಹೊರಗೆ ತಣ್ಣಗಿದ್ದರೂ ಒಳಗೊಳಗೇ ಉರಿಯುತ್ತಿರುತ್ತದೆ. ಆರಿತೆಂದು ಆ ಮಧ್ಯಾಹ್ನ ಎಲ್ಲರೂ ಗಂಜಿಗೆ ಇಳಿದರು. ಅತ್ತೆ ಮತ್ತು ನಾನು ಮಾತ್ರ ಹಿಂದುಳಿದೆವು. ಗಾಳಿ ಎದ್ದು ರಾಶಿಯನ್ನು ಕೆದರಿತು, ಒಣಹುಲ್ಲು ಹತ್ತಿಕೊಂಡಿತು.

"ಈ ಬಂಡೆಯಿಂದ ಇಳೀಬೇಡ," ಎಂದವಳೇ ಅತ್ತೆ ಹಸಿ ಗೆಲ್ಲೊಂದನ್ನು ಮುರಿದುಕೊಂಡು ಬೆಂಕಿಯನ್ನು ಬಡಿಯುತ್ತ ಮೇಲಿನ ಸಾಲಿನತ್ತ ಓಡಿದಳು. ಅವಳ ಸೆರಗಿಗೆ ಬೆಂಕಿ ಹತ್ತಿದ್ದು ನನಗೆ ಕಂಡಿತು. ಕೂಗಿದೆ. ಹುಲ್ಲು ಉರಿಯುವ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಓಡಿಬಂದವರು ಅವಳನ್ನು ಗುಡ್ಡೆಯ ಬುಡಕ್ಕೆ ತಂದು ಬಾಳೆಲೆಯ ಮೇಲೆ ಮಲಗಿಸಿದರು.

"ಮೇಲಿನ ಸಾಲು ಉಂಟಾ?" ಎಂದು ಕೇಳಿದಳು.

"ಉಂಟು ಅಕ್ಕಾ, ಎಲ್ಲ ಉಂಟು. ನೀನು ಮಾತಾಡ್ಬೇಡ," ಎಂದರು ಅಪ್ಪ. ಅವಳು ತಲೆ ಹೊರಳಿಸಿದ ಕಡೆಗೆಲ್ಲ ಅವರೂ ಸರಿದು ಸರಿದು ಕುಳಿತರು, ಗುಡ್ಡೆ ಕಾಣದ ಹಾಗೆ.