ಹೆಸರು ಹೇಳದ ಚೂರು

"ಆ ಸಾಲು ಇನ್ನೊಂದ್ಸಲ ಓದೇ, ಯಂಕಮ್ಮನೂ ಕೇಳ್ಲಿ" ಎಂದು ತಾಯಿ ರಾಮಲಕ್ಷ್ಮಮ್ಮ ಒತ್ತಾಯಿಸಿದಾಗ ಸುಕನ್ಯ ಮಡಿಚಿಟ್ಟಿದ್ದ ಕಾಲೇಜು ಪತ್ರಿಕೆಯನ್ನು ಮತ್ತೆ ಬಿಡಿಸಿದಳು. 'ಇಂದಿನ ಮಾಧ್ಯಮಗಳಲ್ಲಿ ಸ್ವಂತಿಕೆ' ಎಂಬ ಅವಳ ಪ್ರಬಂಧಕ್ಕೆ ಮೊದಲ ಬಹುಮಾನ ಬಂದಿತ್ತು. ರೀಮಿಕ್ಸ್ ಹಾಡುಗಳನ್ನೂ ಎರವಲು ಧಾರಾವಾಹಿಗಳನ್ನೂ ಜಾಲಾಡಿದ್ದ ಆ ಬರಹದಲ್ಲಿ ತೀರ್ಪುಗಾರರು ಮೆಚ್ಚಿ ಅಡಿಗೆರೆ ಎಳೆದದ್ದು ಒಂದೇ ಸಾಲಿಗೆ: "ಚೂರುಗಳು ಯಾರವಾದರೂ ಇರಲಿ, ಹೊಲಿಗೆ ನಮ್ಮದಾಗಿರಬೇಕು."

ಆ ಮಾತು ಯಂಕಮ್ಮನದು. ಸುಕನ್ಯಳ ಮನೆಯವರ ಬಾಣಸವಾಡಿಯ ವಠಾರದಲ್ಲಿ ಬಾಡಿಗೆಗಿದ್ದ ರಾಯಚೂರಿನ ಆ ಹೆಂಗಸು ಹೋದ ತಿಂಗಳು ಹಳೆಯ ಬಟ್ಟೆಗಳ ಕೌದಿ ಹೊಲಿಯುತ್ತ ಅದನ್ನು ಆಡಿದ್ದಳು. ಈಗ ಅದೇ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕುಳಿತಿದ್ದಳು. ಗುರುತು ಹಿಡಿದುಬಿಟ್ಟರೆ? ಸುಕನ್ಯ ಕಣ್ಣೆತ್ತದೆ ಓದಿ ಮುಗಿಸಿದಳು.

"ಭಾಳ ಚಂದ ಬರ್ದಿ ತಂಗಿ," ಯಂಕಮ್ಮ ನಕ್ಕಳು. "ಓದಿದಾಕಿ ನೀನು. ನಂಗ ಇಂಥಾ ಮಾತು ಎಲ್ಲಿಂದ ಹೊಳೀಬೇಕು?"

ಬದುಕಿದೆ ಎಂದುಕೊಂಡಳು ಸುಕನ್ಯ. ಅಷ್ಟರಲ್ಲಿ ಯಂಕಮ್ಮ ಕೌದಿಯನ್ನು ನೆಲಕ್ಕೆ ಹಾಸಿ, ತನ್ನ ತವರಿನ ರೂಢಿಯಂತೆ ಒಂದೊಂದೇ ಚೂರಿನ ಮೇಲೆ ಬೆರಳಿಟ್ಟು ಕೊಟ್ಟವರ ಹೆಸರು ಹೇಳತೊಡಗಿದಳು. "ಇದು ನಮ್ಮವ್ವನ ಇಳಕಲ್ ಸೀರಿ. ಇದು ನಿಮ್ಮಮ್ಮಾರು ಕೊಟ್ಟ ರವಿಕಿ. ಹೆಸರು ಹೇಳಲಾರದ ಹೊದ್ಕೊಂಡ್ರ ನಿದ್ದಿ ಹತ್ತಂಗಿಲ್ಲ ನೋಡು." ನಟ್ಟನಡುವಿನ ನೀಲಿ ಚೂರಿನ ಮೇಲೆ ಬೆರಳು ನಿಂತಿತು. "ಇದು ನಮ್ಮ ಸುಕನ್ಯಂದು. ಹಳೇ ಯೂನಿಫಾರ್ಮ್."

ಪತ್ರಿಕೆಯಲ್ಲಿ ಪ್ರಬಂಧದ ಕೆಳಗೆ ದಪ್ಪಕ್ಷರದಲ್ಲಿದ್ದ ಒಂದೇ ಒಂದು ಹೆಸರನ್ನು ಸುಕನ್ಯ ಹೆಬ್ಬೆರಳಿನಿಂದ ಮುಚ್ಚಿಕೊಂಡಳು.